ಸಂಘವಿಲ್ಲದ ರಾಜಕುಮಾರಿ

ಬೆಳಗಾವಿಯಲ್ಲಿ ಕೂತು ವಿಡಿಯೊ ಗೇಮ್ ಮಾಡಲು ಹೊರಟವರಿಗೆ ನನ್ನದೊಂದು ಬಿಟ್ಟಿ ಸಲಹೆ: ನಾಯಕಿಯನ್ನು ಈಜಿಪ್ಟಿನಿಂದಲೇ ತರಿಸಿ. ಸತ್ತು ಸಾವಿರಾರು ವರ್ಷ ಆಗಿರಲಿ, ಮೈತುಂಬ ಬಟ್ಟೆ ಸುತ್ತಿರಲಿ. ಆಕೆಯ ಜಾತಿ ಯಾವುದೆಂದು ಯಾರೂ ಕೇಳುವುದಿಲ್ಲ, ಮನೆಮಾತು ಯಾವುದೆಂದೂ ಕೇಳುವುದಿಲ್ಲ. ಮುಖ್ಯವಾಗಿ, ಆಕೆಯ ಹೆಸರಿನಲ್ಲಿ ಒಂದೂ ಸಂಘವಿಲ್ಲ. ನಿಜಾಮ ಕೊಟ್ಟ ಈಜಿಪ್ಟಿನ ನಿಜವಾದ ಮಮ್ಮಿಯೇ ಹೈದರಾಬಾದಿನ ವಸ್ತುಸಂಗ್ರಹಾಲಯದಲ್ಲಿ ಮಲಗಿದೆ, ರಾಜಕುಮಾರಿಯದೆಂದೇ ಹೇಳುತ್ತಾರೆ. ಅವಳಿಗೆ ಅವಮಾನವಾಯಿತೆಂದು ಟೈರ್ ಸುಟ್ಟವರನ್ನು ನಾನಂತೂ ಕಂಡಿಲ್ಲ.

ನೆಹರು ನಗರದಲ್ಲಿ ನಮ್ಮ ಮಾಳಿಗೆಯ ಮೇಲೆ ಬಾಡಿಗೆಗಿರುವ ಹುಡುಗ ಮೆಡಿಕಲ್ ಓದುತ್ತಾನೆ. ಹಗಲೆಲ್ಲ ಫಾರ್ಮಾಲಿನ್ ಹಾಕಿದ ದೇಹದ ಮುಂದೆ ನಿಂತು ಬಂದವನು ರಾತ್ರಿ ಲ್ಯಾಪ್‌ಟಾಪ್ ತೆರೆದು ಇನ್ನೊಂದು ಹೆಣದ ಬೆನ್ನು ಹತ್ತುತ್ತಾನೆ. ಗೇಮಿನ ಹೆಸರು ‘ದಿ ಮಮ್ಮಿ ಡಿಮಾಸ್ಟರ್ಡ್’. 2017ರಲ್ಲಿ ಟಾಮ್ ಕ್ರೂಸನ ಸಿನಿಮಾದ ಬಾಲ ಹಿಡಿದು ಬಂದದ್ದು.

“ಯಾರಪಾ ಈಕಿ?”

“ಅಹ್ಮನೆತ್ ಕಾಕಾ, ಫೇರೋನ ಮಗಳು. ಗಾದಿ ನಿನಗ ಅಂದಿದ್ರು, ಅಷ್ಟರಾಗ ತಮ್ಮ ಹುಟ್ಟಿದ. ಅಪ್ಪನ್ನೂ ಕೂಸನ್ನೂ ಮುಗಿಸಿಬಿಟ್ಲು. ಜೀವಂತ ಇದ್ದಾಗನ ಅರಿವಿ ಸುತ್ತಿ ಹುಗದ್ರು.”

ಆಟದ ಕ್ರಮ ಇನ್ನೂ ಸೊಗಸು. ನಿಮ್ಮ ಸೈನಿಕ ಸತ್ತರೆ ಎದ್ದು ರಾಜಕುಮಾರಿಯ ಪಾಳೆಯ ಸೇರುತ್ತಾನೆ. ನಂತರ ಬರುವ ಹೊಸಬ ಆ ಹಳೆಯವನನ್ನೇ ಹೊಡೆದು ಬಂದೂಕು ಕಿತ್ತುಕೊಳ್ಳಬೇಕು. ಪಾಳೆಯ ಬದಲಿಸಿದವನಿಗೆ ಹಾರ ಹಾಕುವ ದೃಶ್ಯವೊಂದಿದ್ದರೆ ಇದು ನಮ್ಮ ಜಿಲ್ಲೆಯ ಚುನಾವಣೆ ಎಂದೇ ನಂಬುತ್ತಿದ್ದೆ.

ನಮ್ಮಲ್ಲಿ ಕಥೆಗೇನು ಬರ? ಇಲ್ಲೇ ಕಾಕತಿಯಲ್ಲಿ ಹುಟ್ಟಿದ ಚನ್ನಮ್ಮ ದತ್ತು ಮಗನ ಹಕ್ಕಿಗಾಗಿ ಕಂಪನಿಯ ಮೇಲೆ ಕತ್ತಿ ಹಿರಿದಳು. ಕೋಟೆಯಿದೆ, ತೋಪುಗಳಿವೆ, 1824ರ ಅಕ್ಟೋಬರ್ 23ರಂದು ಬಿದ್ದ ಕಲೆಕ್ಟರ್ ಇದ್ದಾನೆ. ತೊಡಕೆಂದರೆ ಅವನ ಹೆಸರು ಥ್ಯಾಕರೆ. ಈ ಊರಿನಲ್ಲಿ ಆ ಹೆಸರಿನವನಿಗೆ ಗುಂಡಿಟ್ಟರೆ ಅವನು ಯಾವ ಠಾಕ್ರೆ ಎಂದು ಠಾಣೆಗೆ ಹೋಗಿ ಬರೆದುಕೊಡಬೇಕಾಗುತ್ತದೆ.

ರಾಯಣ್ಣನ ಗೇಮ್ ಇನ್ನೂ ಕಷ್ಟ. ಗೇಮಿನ ನಾಯಕನೆಂದ ಮೇಲೆ ಹತ್ತು ಸಲ ಸಾಯಬೇಕು, ಹತ್ತು ಸಲ ಏಳಬೇಕು. ರಾಯಣ್ಣ ಒಂದು ಸಲ ಸತ್ತರೂ ಊರು ಬಂದ್. ಖಾನಾಪುರ ರಸ್ತೆಯ ಪೀರನವಾಡಿಯಲ್ಲಿ 2020ರ ಆಗಸ್ಟಿನಲ್ಲಿ ಅವನ ಪ್ರತಿಮೆ ರಾತ್ರೋರಾತ್ರಿ ಎದ್ದು ಗಲಾಟೆಯಾಯಿತು; ಮರುವರ್ಷ ಡಿಸೆಂಬರಿನಲ್ಲಿ ಅನಗೋಳದ ಪ್ರತಿಮೆಯನ್ನು ರಾತ್ರಿಯೇ ಒಡೆದರು. ನಿಂತಲ್ಲೇ ನಿಂತವನಿಗೆ ಈ ಗತಿಯಾದರೆ, ಪರದೆಯ ಮೇಲೆ ಜಿಗಿದು ಓಡುವವನ ಗತಿ? ರಾಜಹಂಸಗಡದ ಶಿವಾಜಿ ಪ್ರತಿಮೆಯನ್ನೇ 2023ರ ಮಾರ್ಚಿನಲ್ಲಿ ಮುಖ್ಯಮಂತ್ರಿ ಒಮ್ಮೆ, ಕಾಂಗ್ರೆಸ್ಸಿನವರು ಇನ್ನೊಮ್ಮೆ ಉದ್ಘಾಟಿಸಿದರು. ಗೇಮಿಗೆ ಅಪ್‌ಡೇಟ್ ಬಂದಾಗಲೆಲ್ಲ ಎರಡೆರಡು ಶಾಮಿಯಾನ ಹಾಕಿಸುವ ಶಕ್ತಿ ಯಾವ ಕಂಪನಿಗಿದೆ?

ಬೆಂಗಳೂರಿನವರು ಜಾಣರು. ಅವರ ‘ಫೌಜಿ’ ಗೇಮ್ ಬಿಡುಗಡೆಯಾದದ್ದು 2021ರ ಜನವರಿ 26ರಂದು. 1831ರ ಅದೇ ದಿನ ಖಾನಾಪುರ ತಾಲ್ಲೂಕಿನ ನಂದಗಡದಲ್ಲಿ ರಾಯಣ್ಣನನ್ನು ಗಲ್ಲಿಗೇರಿಸಿದ್ದರು. ಗೇಮ್ ಮಾತ್ರ ನಂದಗಡದ ಕಡೆ ತಿರುಗಿಯೂ ನೋಡದೆ ನೆಟ್ಟಗೆ ಗಲ್ವಾನ್ ಕಣಿವೆಗೆ ಹೋಯಿತು. ಚೀನಾದ ಸೈನ್ಯ ಎದುರಿಸಬಹುದು. ಬೆಳಗಾವಿಯ ಮೆರವಣಿಗೆ ಎದುರಿಸಲಾಗದು.

ಇದನ್ನೆಲ್ಲ ಹುಡುಗನಿಗೆ ತಿಳಿಸಿ ಹೇಳಿದೆ. ಅಹ್ಮನೆತ್‌ಳನ್ನು ಅರ್ಧಕ್ಕೇ ನಿಲ್ಲಿಸಿ ಕೇಳಿಸಿಕೊಂಡ. ಪಾಪ, ಶಿವಾಜಿಯ ಸೇನೆಗೆ ಎದುರು ನಿಂತ ಬೆಳವಡಿ ಮಲ್ಲಮ್ಮನ ಕಥೆ ಶಾಲೆಯಲ್ಲಿ ಓದಿದ್ದಾನೆ.

“ಹಂಗಾದ್ರ ಮಲ್ಲಮ್ಮಂದ ಒಂದ್ ಗೇಮ್ ಮಾಡೂಣು ಕಾಕಾ. ಕಡೀ ಲೆವೆಲ್‌ದಾಗ ಬಾಸ್ ಯಾರ್ ಬರ್ತಾರ?”

ನಾನು ಎದ್ದು ಹೋಗಿ ಕಿಟಕಿ ಹಾಕಿದೆ.