ಫೋರ್ಮನ್ ಮಾವ

ಬೆಳಿಗ್ಗೆ ಆರೂವರೆಗೆ ನಮ್ಮ ಗೇಟು ಕಿರ್ರೆಂದರೆ ಹಾಲಿನವನಲ್ಲ, ಫೋರ್ಮನ್ ಮಾವ. ಕೈಯಲ್ಲಿ ಎಣ್ಣೆ ಡಬ್ಬಿ.

"ನಿನ್ ಗೇಟು ಕಿರುಗುಡ್ತಾ ಅದೆ ಕಣಪ್ಪ, ಕೇಳಾಕಿಲ್ವಾ?"

ಕೇಳುತ್ತಿತ್ತು. ಅವರು ಬರುವುದು ಗೊತ್ತಾಗಲಿ ಎಂದೇ ನಾನು ಎಣ್ಣೆ ಬಿಟ್ಟಿರಲಿಲ್ಲ.

ಬೆಳಗೊಳದ ಕಾರ್ಖಾನೆಯೊಂದರಲ್ಲಿ ಮೂವತ್ತಮೂರು ವರ್ಷ ದುಡಿದು ನಿವೃತ್ತರಾದವರು. ಸಂಬಳ ನಿಂತಿದೆ, ಶಿಫ್ಟು ನಿಂತಿಲ್ಲ. ಮೊದಲ ಶಿಫ್ಟು ಟೀ ಅಂಗಡಿ: ಕನ್ನಂಬಾಡಿ ಕಟ್ಟೆ 124.80 ಅಡಿ ಮುಟ್ಟಲು ಇನ್ನೆಷ್ಟು ಬಾಕಿ ಎಂದು ಬೇರೆಯವರು ಪೇಪರ್ ಬಿಚ್ಚುವ ಮುಂಚೆ ಹೇಳಿಬಿಡಬೇಕು. ಜೊತೆಗೆ, ಸ್ವಾತಂತ್ರ್ಯಕ್ಕೆ ಮೊದಲೇ ಬೆಳಗೊಳದಲ್ಲಿ ಅಮೋನಿಯಾ ತಯಾರಾಗುತ್ತಿದ್ದ ಕಥೆ. ಎರಡನೆಯ ಶಿಫ್ಟು ನಾಲೆ ಏರಿ. ಮೂರನೆಯದು, ನನ್ನ ಗ್ರಹಚಾರ, ನಮ್ಮ ಮನೆ.

ಹೋದ ಬೇಸಿಗೆಯಲ್ಲಿ ಸಂಪಿನ ಮೋಟಾರು ಗುಂಯ್ ಎನ್ನುತ್ತಿತ್ತೇ ಹೊರತು ತಿರುಗಲಿಲ್ಲ. ಬಂದ ಮೆಕ್ಯಾನಿಕ್ "ಹೊಸದೇ ಹಾಕಿಸಿ ಸಾರ್" ಎಂದು ಹೋದ. ಮಾವ ಕರೆಯದೇ ಬಂದರು. ಮಗುವಿನ ಜ್ವರ ನೋಡುವವರ ಹಾಗೆ ಮೋಟಾರಿಗೆ ಅಂಗೈ ಇಟ್ಟು ಕಣ್ಣು ಮುಚ್ಚಿದರು.

"ಕೆಪಾಸಿಟರ್ ಹೋಗದೆ."

ಅಲ್ಲಿಗೇ ನಿಲ್ಲಿಸಿದ್ದರೆ ಹತ್ತು ನಿಮಿಷದ ಕೆಲಸ. "ಬಿಚ್ಚಿದ್ ಮ್ಯಾಕೆ ಎಲ್ಲಾನೂ ನೋಡ್ಬುಡವ" ಎಂದು ಸ್ಟಾರ್ಟರ್, ಫುಟ್‌ವಾಲ್ವ್, ಕೊನೆಗೆ ಯಾವ ತಪ್ಪೂ ಮಾಡದ ಅಡುಗೆಮನೆ ನಲ್ಲಿಯನ್ನೂ ಬಿಚ್ಚಿದರು. ಮಧ್ಯಾಹ್ನದವರೆಗೆ ಮನೆಯಲ್ಲಿ ಹನಿ ನೀರಿಲ್ಲ. ನನ್ನ ಹೆಂಡತಿ ಕೊಡ ಹಿಡಿದು ಬೀದಿಗೆ ಹೊರಟಾಗ ನನ್ನ ಕಡೆ ನೋಡಿದ ನೋಟ ಬರೆಯುವಂಥದ್ದಲ್ಲ. ಟಾರ್ಚ್ ಹಿಡಿಯುವ ಕೆಲಸ ನನ್ನದು. ಎಂ.ಎ. ಓದಿದವನಿಗೆ ಅದೂ ಬರಲಿಲ್ಲ.

"ಬೆಳಕ ನನ್ ಮುಖಕ್ಕಲ್ಲ, ನಟ್ಟಿಗೆ ಬುಡು!"

ನನ್ನನ್ನು ವಜಾ ಮಾಡಿ ಪಕ್ಕದ ಮನೆ ಹುಡುಗನನ್ನು ಕೂಗಿದರು. ಡಿಪ್ಲೊಮಾ ಮುಗಿಸಿ, ಯುವನಿಧಿಯ 1500 ರೂಪಾಯಿ ಕಾಯುತ್ತ ಮೊಬೈಲ್ ಉಜ್ಜುತ್ತಿದ್ದವನು. ಫುಟ್‌ವಾಲ್ವಿನ ಚಿತ್ರ ಬರೆದು ಅಂಕ ತೆಗೆದಿದ್ದನಂತೆ, ಕೈಯಲ್ಲಿ ಹಿಡಿದದ್ದು ಅವತ್ತೇ. ಮೂರು ಗಂಟೆಗೆ ಮೋಟಾರು ತಿರುಗಿತು. ಎರಡು ಸ್ಕ್ರೂ ಉಳಿದವು.

"ಕಂಪ್ನಿಯೋರು ಎಚ್ಗೆ ಹಾಕಿರ್ತಾರೆ, ಎತ್ತಿಟ್ಕೊ."

ದುಡ್ಡು ಕೊಡಹೋದರೆ ಬೈದರು. ಕಾಫಿ ಮಾತ್ರ ತೆಗೆದುಕೊಂಡರು.

"ವಿಶ್ವೇಶ್ವರಯ್ನೋರೂ ರಿಟೈರ್ ಆದೋರೇ ಕಣಪ್ಪ. ಬೊಂಬಾಯಿ ನೌಕ್ರಿ ಬುಟ್ ಮ್ಯಾಲೆ 1909ರಾಗೆ ಮೈಸೂರ್ಗೆ ಬಂದ್ರು. ಮಾರಾಜ್ರು ಕರುದ್ರು, ಕಟ್ಟೆ ಆಯ್ತು. ನಮ್ಮುನ್ನ ಯಾರು ಕರುದಾರು?"

ಖಾಲಿ ಲೋಟವನ್ನು ಸ್ವಲ್ಪ ಹೊತ್ತು ತಿರುಗಿಸುತ್ತ ಕೂತರು. ಯಂತ್ರದ ಸದ್ದಿನಲ್ಲೇ ರೋಗ ಹಿಡಿಯುತ್ತಿದ್ದ ಕಿವಿ ಅದು, ಈಗ ನನ್ನ ಗೇಟಿಗೆ ಮೀಸಲು. ವಾರಕ್ಕೊಂದು ದಿನ ಐಟಿಐ ಹುಡುಗರ ಮುಂದೆ ಇವರನ್ನು ನಿಲ್ಲಿಸಿದರೆ ಯಾರ ಗಂಟು ಹೋಗುತ್ತದೆ? ಹೋಗುವುದೇನು, ನಮ್ಮ ಮನೆಯ ನೀರಾದರೂ ಉಳಿಯುತ್ತದೆ.

ಹುಡುಗ ಈಗ ಸಂಜೆಯಾದರೆ ಮಾವನ ಜಗಲಿಯಲ್ಲಿರುತ್ತಾನೆ. ಬೆಳಗೊಳದ ಕಡೆ ಬಂದರೆ ನಿಮ್ಮ ಕೆಟ್ಟ ಮಿಕ್ಸಿ, ಫ್ಯಾನು ತನ್ನಿ. ಚೆನ್ನಾಗಿರುವುದನ್ನು ಮಾತ್ರ ಗಾಡಿಯಲ್ಲೇ ಬಿಟ್ಟು ಬನ್ನಿ. ಕಣ್ಣಿಗೆ ಬಿದ್ದರೆ ಅದನ್ನೂ ಬಿಚ್ಚುತ್ತಾರೆ.