ಎಡಗೈಗೆ ಕೋಚಿಂಗ್

ಕುಂದಾಪುರದಲ್ಲಿ ‘ಟೆನಿಸ್ ಆಡ್ತೇನೆ’ ಅಂದರೆ ಎದುರಿನವರು ‘ಬ್ಯಾಟಿಂಗಾ, ಬೌಲಿಂಗಾ?’ ಅಂತ ಕೇಳುತ್ತಾರೆ. ತಪ್ಪು ಅವರದ್ದಲ್ಲ. ಗಾಂಧಿ ಮೈದಾನದಿಂದ ಹಿಡಿದು ಬೈಂದೂರಿನ ಕೊಯ್ಲು ಮುಗಿದ ಗದ್ದೆಗಳವರೆಗೆ ಟೆನಿಸ್ ಚೆಂಡಿಗೆ ಗೊತ್ತಿರುವ ಆಟ ಕ್ರಿಕೆಟ್ ಒಂದೇ. ಬಲೆ ಕಟ್ಟಿ ಆಡುವುದೆಲ್ಲ ನಮಗೆ ಹೊಸತು. ನಮ್ಮ ಬಲೆ ಏನಿದ್ದರೂ ಗಂಗೊಳ್ಳಿಯಲ್ಲಿ, ಮೀನಿಗೆ.

ನನ್ನ ತಲೆ ಕೆಟ್ಟದ್ದು 2024ರ ಜನವರಿಯಲ್ಲಿ. ಕೊಡಗಿನ ರೋಹನ್ ಬೋಪಣ್ಣ 43ನೇ ವಯಸ್ಸಿನಲ್ಲಿ ಆಸ್ಟ್ರೇಲಿಯನ್ ಓಪನ್ ಡಬಲ್ಸ್ ಗೆದ್ದರು. ನನಗೂ ಆಗ 43. ಅಷ್ಟೇ ಸಾಮ್ಯ ಸಾಕಾಯಿತು. ಅವರ ಹಾಗೆ ಒಂದೇ ಕೈಯಲ್ಲಿ ಬ್ಯಾಕ್‌ಹ್ಯಾಂಡ್ ಬೀಸಬೇಕೆಂದು ರ‍್ಯಾಕೆಟ್ ಕೊಂಡು, ವಾರಕ್ಕೆರಡು ಬೆಳಿಗ್ಗೆ ಬ್ರಹ್ಮಾವರ ದಾಟಿ ಮಣಿಪಾಲಕ್ಕೆ ಹೋಗತೊಡಗಿದೆ.

ನನ್ನ ಬ್ಯಾಕ್‌ಹ್ಯಾಂಡ್ ಬೀಸಿದರೆ ಚೆಂಡು ಪಕ್ಕದ ಕೋರ್ಟಿಗೆ, ಇಲ್ಲವೇ ನೆಟ್ಟಿನ ಬುಡಕ್ಕೆ. ಹಾಗಾಗಿ ಎಡಬದಿಗೆ ಬಂದ ಚೆಂಡಿಗೆಲ್ಲ ಸುತ್ತು ಹಾಕಿ ಫೋರ್‌ಹ್ಯಾಂಡಿಗೇ ಬರುತ್ತಿದ್ದೆ. ಇಷ್ಟು ವರ್ಷದಲ್ಲಿ ಆನೆಗುಡ್ಡೆ ಗಣಪತಿಗೆ ಹಾಕಿದ್ದಕ್ಕಿಂತ ಹೆಚ್ಚು ಪ್ರದಕ್ಷಿಣೆಯನ್ನು ಒಂದೇ ತಿಂಗಳಲ್ಲಿ ಆ ಹಳದಿ ಚೆಂಡಿಗೆ ಹಾಕಿದೆ. ಪ್ರಸಾದ ಮಾತ್ರ ಸಿಗಲಿಲ್ಲ.

ಫೆಬ್ರವರಿಯಲ್ಲಿ ಕೋಚ್ ಹುಡುಗ ಮೊಬೈಲಿನಲ್ಲಿ ಸುದ್ದಿ ತೋರಿಸಿದ. 1973ರಲ್ಲಿ ರ‍್ಯಾಂಕಿಂಗ್ ಶುರುವಾದ ಮೇಲೆ ಇದೇ ಮೊದಲ ಸಲ, ಪುರುಷರ ಮೊದಲ ಹತ್ತರಲ್ಲಿ ಒಂದು ಕೈಯ ಬ್ಯಾಕ್‌ಹ್ಯಾಂಡಿನವರು ಒಬ್ಬರೂ ಇಲ್ಲ. “ಸಾರ್, ಅವರಿಗೇ ಆಗ್ತಾ ಇಲ್ಲ. ನೀವೂ ಎರಡು ಕೈ ಹಾಕಿ.”

ಹಾಕಿದೆ. ಹಿಡಿಯಲ್ಲಿ ಬಲಗೈ ಕೆಳಗೆ, ಎಡಗೈ ಮೇಲೆ. ಚೆಂಡು ಎದುರಿನವನ ರ‍್ಯಾಕೆಟ್ ಬಿಟ್ಟ ಕೂಡಲೇ ಭುಜ ತಿರುಗಬೇಕು, ಬಲಭುಜ ಗಲ್ಲದಡಿಗೆ ಬರಬೇಕು, ಚೆಂಡನ್ನು ಮೈಗಿಂತ ಮುಂದೆ ಹೊಡೆಯಬೇಕು. (ನನ್ನ ಹೊಟ್ಟೆಗಿಂತ ಮುಂದೆ ಅಂದರೆ ಅದು ಸಾಕಷ್ಟು ದೂರವೇ ಆಯಿತು.) ಈ ಹೊಡೆತದಲ್ಲಿ ದುಡಿಯುವುದು ಎಡಗೈ. ಬಲಗೈ ಹೋಗುವುದು ದಿಬ್ಬಣದವರ ಹಾಗೆ, ಜೊತೆಗೆ ಅಷ್ಟೆ. “ಹದಿನೈದು ದಿನ ಎಲ್ಲ ಕೆಲಸ ಎಡಗೈಯಲ್ಲೇ ಮಾಡಿ ಸಾರ್” ಎಂದ ಹುಡುಗ.

ಹಲ್ಲುಜ್ಜಿ ಒಸಡು ಗೀರಿಕೊಂಡೆ. ಕಾಯಿ ತುರಿಯಲು ಕೂತರೆ ಹೆಂಡತಿ ಗಡಿಯನ್ನೇ ಕಿತ್ತುಕೊಂಡಳು. ಸೊಳ್ಳೆ ಬ್ಯಾಟಿನಲ್ಲಿ ಮಾತ್ರ ನನ್ನ ಎಡಗೈಗೆ ಎದುರಾಳಿಯೇ ಇರಲಿಲ್ಲ. ಅದೇ ಹುಮ್ಮಸ್ಸಿನಲ್ಲಿ ಒಂದು ಬೆಳಿಗ್ಗೆ, ಬಾಗಿಲಿಗೆ ಬಂದ ಮೀನಿನವಳಿಂದ ಬಂಗುಡೆ ತೆಗೆದುಕೊಂಡು ನೋಟು ಚಾಚಿದೆ. ಅವಳು ಕೈ ಹಿಂದಕ್ಕೆ ಎಳೆದುಕೊಂಡಳು.

“ಹ್ವಾಯ್, ಬೋಣಿ ದುಡ್ಡನ್ನ ಎಡ್ಗೈಯಂಗೆ ಕೊಡ್ತ್ರಿಯಾ? ನಂಗ್ ಇವತ್ತ್ ಎಂತ ಯಾಪಾರ ಆತ್ತ್?”

ನೋಟನ್ನು ಬಲಗೈಗೆ ದಾಟಿಸಿ, ಬ್ಯಾಕ್‌ಹ್ಯಾಂಡ್ ಅಂದರೇನೆಂದು ವಿವರಿಸಲು ಹೊರಟೆ. ಅವಳು ಅಷ್ಟರಲ್ಲಿ ಬುಟ್ಟಿ ಎತ್ತಿ ತಲೆಗಿಟ್ಟಿದ್ದಳು. ಹೋಗುವಾಗ ಎರಡು ಸಲ ತಿರುಗಿ ನೋಡಿದಳು.

ಆ ವಾರವೇ ಕೋರ್ಟಿನಲ್ಲಿ ಪವಾಡ ನಡೆಯಿತು. ಒಂದರ ಹಿಂದೊಂದು ಏಳು ಚೆಂಡು ನೆಟ್ ದಾಟಿದವು. ಕೋಚ್ ಹುಡುಗ ಹತ್ತಿರ ಬಂದು, “ಸಾರ್, ನಿಮ್ಮ ಬಲಗೈಗಿಂತ ಎಡಗೈಯೇ ಬುದ್ಧಿವಂತ” ಎಂದ. ಹೊಗಳಿದನೋ ಬೈದನೋ ಗೊತ್ತಾಗಲಿಲ್ಲ. ಹೊಗಳಿಕೆ ಎಂದೇ ಇಟ್ಟುಕೊಂಡು ಮನೆಗೆ ಬಂದು ಅಮ್ಮನಿಗೆ ವರದಿ ಒಪ್ಪಿಸಿದೆ. ಅವರು ಹೂವು ಕಟ್ಟುವುದನ್ನು ನಿಲ್ಲಿಸಿದರು.

“ಸಣ್ಣಿಪ್ಪತಿಗೆ ನೀ ಎಡ್ಚನೇ ಅಲ್ದಾ? ಉಂಬುಕೂ ಎಡ್ಗೈ, ಬಳಪ ಹಿಡೂಕೂ ಎಡ್ಗೈ. ಅದನ್ನ್ ಬಿಡ್ಸೂಕೆ ನಾನೂ ನಿನ್ನ್ ಅಜ್ಜಿಯೂ ಎರ್ಡ್ ವರ್ಷ ಹೆಣ್ಗಿದ್ದ್. ಈಗ್ ದುಡ್ಡ್ ಕೊಟ್ಟ್ ಕಲಿಯೂಕ್ ಹೋತ್ಯಾ?”

ರಾತ್ರಿ ಊಟಕ್ಕೆ ಕೂತಾಗ ಅಮ್ಮ ಎದುರಿಗೇ ಕೂತಿದ್ದರು. ಎಡಗೈಯನ್ನು ಮೆಲ್ಲಗೆ ತೊಡೆಯಡಿಗೆ ಸೇರಿಸಿಕೊಂಡೆ. ಬೆಳಿಗ್ಗೆ ಆರಕ್ಕೆ ಅದಕ್ಕೆ ಕ್ಲಾಸಿತ್ತು.