ಯುವಕರನ್ನು ಯಶಸ್ವಿಯಾಗಿ ಹೊರಗಿಟ್ಟ ಕುಸ್ತಿ ಕಮಿಟಿಗಳಿಗೆ ಒಂದು ಬಹಿರಂಗ ಪತ್ರ

ಸ್ಥಳ: ಗಡಹಿಂಗ್ಲಜ

ಇವರಿಗೆ: ಕೊಲ್ಹಾಪುರ, ಇಚಲಕರಂಜಿ, ಗಡಹಿಂಗ್ಲಜ ಸೀಮೆಯ ಸಮಸ್ತ ಜಾತ್ರಾ ಕಮಿಟಿಗಳ ಹಾಗೂ ಕುಸ್ತಿ ಮೈದಾನಗಳ ಮಾನ್ಯ ಪದಾಧಿಕಾರಿಗಳು

ವಿಷಯ: ಕಾಲೇಜು ವಯಸ್ಸಿನವರು ಕುಸ್ತಿ ಮೈದಾನದತ್ತ ಸುಳಿಯದಂತೆ ನೋಡಿಕೊಂಡ ಬಗ್ಗೆ ಅಭಿನಂದನೆ

ಮಾನ್ಯರೇ,

ಒಂದು ಕ್ರೀಡೆ ತನ್ನ ಪ್ರೇಕ್ಷಕರನ್ನು ಕಳೆದುಕೊಳ್ಳುವುದಕ್ಕೆ ಬಡತನ, ರಾಜಾಶ್ರಯದ ಲೋಪ, ಆಟಗಾರರ ಕೊರತೆ ಎಂಬ ಕಾರಣಗಳನ್ನು ಕೊಡುವುದು ವಾಡಿಕೆ. ಇವುಗಳಲ್ಲಿ ಒಂದೂ ಇಲ್ಲದ ಸೀಮೆಯಲ್ಲಿ, ಅಂದರೆ ಜಾತ್ರೆಯ ಪಟ್ಟಿ ಎಂದು ಕರೆಯಲಾಗುವ ಮನೆಮನೆಯ ವಂತಿಗೆ ಧಾರಾಳವಾಗಿ ಕೂಡುವ, ಶಾಸಕರಿಂದ ಸಕ್ಕರೆ ಕಾರ್ಖಾನೆಯ ಸಂಚಾಲಕರವರೆಗೆ ಎಲ್ಲರೂ ಆಶ್ರಯದಾತರಾಗಲು ಸರದಿಯಲ್ಲಿ ನಿಂತಿರುವ, ಈಗಲೂ ನಸುಕಿನಲ್ಲಿ ಹುಡುಗರು ಲಂಗೋಟ ಬಿಗಿದು ಬಸ್ಕಿ ಹೊಡೆಯುವ ಈ ಸೀಮೆಯಲ್ಲಿ, ಕುಸ್ತಿ ನೋಡಲು ಯುವಕರೇ ಬಾರದಂತೆ ಮಾಡುವುದು ಸಾಮಾನ್ಯ ಕೆಲಸವಲ್ಲ. ಆ ಕೆಲಸವನ್ನು ಮಾಡಿ ಮುಗಿಸಿದ ಮೇಲೂ ಕಮಿಟಿಗಳು ಪ್ರತಿ ಸಭೆಯಲ್ಲಿ "ಈಗಿನ ಹುಡುಗರು ಮೊಬೈಲ್ ಬಿಟ್ಟು ಏಳುವುದಿಲ್ಲ" ಎಂದು ಹೇಳಿ ಶ್ರೇಯಸ್ಸನ್ನೆಲ್ಲ ಮೊಬೈಲಿಗೆ ಬಿಟ್ಟುಕೊಡುತ್ತಿರುವುದು ಅತಿವಿನಯ. ಸಲ್ಲಬೇಕಾದ ಶ್ರೇಯಸ್ಸನ್ನು ಸಲ್ಲಬೇಕಾದವರಿಗೇ ಸಲ್ಲಿಸುವುದು ಈ ಪತ್ರದ ಉದ್ದೇಶ.

ಸಾಧನೆಯ ಹಿರಿಮೆ ತಿಳಿಯಬೇಕಾದರೆ ಅದು ಎಂಥ ನೆಲದಲ್ಲಿ ನಡೆದಿದೆ ಎಂಬುದನ್ನು ಮೊದಲು ನೋಡಬೇಕಾಗುತ್ತದೆ. 1902ರಲ್ಲಿ ಏಳನೆಯ ಎಡ್ವರ್ಡ್ ದೊರೆಯ ಪಟ್ಟಾಭಿಷೇಕಕ್ಕೆಂದು ಯುರೋಪಿಗೆ ಹೋದ ಕೊಲ್ಹಾಪುರದ ಛತ್ರಪತಿ ಶಾಹು ಮಹಾರಾಜರು ರೋಮಿನ ಕೊಲೋಸಿಯಂ ಎಂಬ ಪುರಾತನ ರಂಗಸ್ಥಳವನ್ನು ಕಂಡು, ಅಂಥದ್ದು ತಮ್ಮ ಊರಿನಲ್ಲೂ ಇರಬೇಕೆಂದು ಬಯಸಿ ಖಾಸಬಾಗ ಮೈದಾನವನ್ನು ಕಟ್ಟಿಸಿದರು. 1912ರಲ್ಲಿ ಬಳಕೆಗೆ ಬಂದ ಈ ಮೈದಾನದಲ್ಲಿ ಕೆಂಪು ಮಣ್ಣಿನ ಅಖಾಡ ತಳದಲ್ಲಿದ್ದು, ಕೂರುವ ನೆಲ ಬೋಗುಣಿಯ ಅಂಚಿನಂತೆ ಸುತ್ತಲೂ ಮೇಲೇರುತ್ತದೆ; ಕಾಸಿಲ್ಲದೆ ಬಂದು ಕಟ್ಟಕಡೆಯಲ್ಲಿ ಕುಳಿತ ರೈತನಿಗೂ ಮಲ್ಲರ ಹಿಡಿತ ಕಾಣಬೇಕು ಎಂಬುದು ಆ ರಚನೆಯ ಲೆಕ್ಕಾಚಾರ. ಗಾಮಾ ಪೈಲ್ವಾನರ ತಮ್ಮ ಇಮಾಮ್ ಬಕ್ಷ್ ಅಲ್ಲಿ ಸೆಣಸಿದರು. ಇದೇ ಕೊಲ್ಹಾಪುರದ ರಾಜಾರಾಮ ಕಾಲೇಜಿನಲ್ಲಿ ಓದಿದ ಖಾಶಾಬಾ ಜಾಧವರು 1952ರ ಹೆಲ್ಸಿಂಕಿ ಒಲಿಂಪಿಕ್ಸ್‌ನಲ್ಲಿ ಕಂಚು ಗೆದ್ದು ಸ್ವತಂತ್ರ ಭಾರತಕ್ಕೆ ಮೊದಲ ವೈಯಕ್ತಿಕ ಪದಕ ತಂದರು. ಅವರ ಪ್ರಯಾಣಕ್ಕೆಂದು ಕಾಲೇಜಿನ ಪ್ರಾಂಶುಪಾಲ ಖರ್ಡೇಕರರು ತಮ್ಮ ಮನೆಯನ್ನೇ ಒತ್ತೆಯಿಟ್ಟು 7,000 ರೂಪಾಯಿ ಹೊಂದಿಸಿದ್ದರು, ಮತ್ತು ಅದಕ್ಕಾಗಿ ಅವರ ಭಾವಚಿತ್ರವನ್ನು ಯಾರೂ ಯಾವ ನಾಲ್ಕುದಾರಿಯಲ್ಲೂ ಕಟ್ಟಲಿಲ್ಲ. 1959ರಲ್ಲಿ ಹಿಂದ್ ಕೇಸರಿ, ಅಂದರೆ ದೇಶದ ಮಣ್ಣಿನ ಕುಸ್ತಿಯ ಅತಿ ದೊಡ್ಡ ಬಿರುದು, ದಕ್ಕಿದ್ದು ಗಡಿಯಾಚೆಯ ಚಿಕ್ಕೋಡಿ ತಾಲ್ಲೂಕಿನ ಎಕ್ಸಂಬಾದಲ್ಲಿ ಹುಟ್ಟಿ ಕೊಲ್ಹಾಪುರದಲ್ಲಿ ಬೆಳೆದ ಶ್ರೀಪತಿ ಖಂಚನಾಳೆಯವರಿಗೆ. ರಾಜ್ಯಗಳ ಗಡಿಯನ್ನು ಆಯೋಗಗಳು ಎಲ್ಲಿ ಬೇಕಾದರೂ ಎಳೆಯಲಿ, ಕುಸ್ತಿಯ ಭೂಪಟದಲ್ಲಿ ಬೆಳಗಾವಿ, ಸಂಕೇಶ್ವರ, ಗಡಹಿಂಗ್ಲಜ, ಕೊಲ್ಹಾಪುರಗಳು ಒಂದೇ ಸೀಮೆಯಾಗಿದ್ದವು. ಇಷ್ಟು ಗಟ್ಟಿಯಾದ ಆಸ್ತಿಯನ್ನು ಕರಗಿಸಲು ಸಾಧಾರಣ ಕಮಿಟಿಗಳಿಗೆ ಸಾಧ್ಯವಾಗುತ್ತಿರಲಿಲ್ಲ.

ಕರಗಿಸುವ ವಿಧಾನವನ್ನು ಅರಿಯಲು ಒಂದು ಫ್ಲೆಕ್ಸನ್ನು ಹತ್ತಿರದಿಂದ ನೋಡಿದರೆ ಸಾಕು. ನೆತ್ತಿಯ ಮೇಲೆ ಗ್ರಾಮದೇವತೆ, ಅದರ ಕೆಳಗೆ ಸಾಲಾಗಿ ನಾಯಕರು, ನಾಯಕರ ಎರಡೂ ಬದಿಗೆ ಕಪ್ಪು ಕನ್ನಡಕ ಧರಿಸಿದ ಮರಿನಾಯಕರು, ನಡುವೆ ದಪ್ಪ ಅಕ್ಷರದಲ್ಲಿ "ಭವ್ಯ ಜಂಗಿ ನಿಕಾಲಿ ಕುಸ್ತಿಗಳು" ಎಂಬ ಘೋಷಣೆ, ಅಡಿಯಲ್ಲಿ ಇನ್ನೂ ಜಾಗ ಉಳಿದಿದ್ದರೆ ಅಂಚೆಚೀಟಿಯ ಅಳತೆಯಲ್ಲಿ ಇಬ್ಬರು ಮಲ್ಲರು. ನಿಕಾಲಿ ಕುಸ್ತಿ ಎಂದರೆ ಫಲಿತಾಂಶ ಹೊರಬೀಳುವವರೆಗೆ, ಅಂದರೆ ಒಬ್ಬನ ಬೆನ್ನು ಮಣ್ಣಿಗೆ ತಾಗಿ ಆತ ಚಿತ್ ಆಗುವವರೆಗೆ ನಡೆಯಬೇಕಾದ ಕುಸ್ತಿ. ಘೋಷಣೆಗೂ ನಡೆಯುವುದಕ್ಕೂ ಇರುವ ಅಂತರವೇ ಈ ಕಾಲದ ಮೈದಾನಗಳ ವಿಶೇಷ ಕೊಡುಗೆ.

ಮಧ್ಯಾಹ್ನ ಮೂರಕ್ಕೆ ಎಂದು ಸಾರಿದ ಮೈದಾನ ಐದಕ್ಕೆ ಹಲಗಿಯ ಸದ್ದಿನೊಂದಿಗೆ ಆರಂಭವಾಗಿ, ಊರಿನ ಹಾಗೂ ಅಕ್ಕಪಕ್ಕದ ಹಳ್ಳಿಗಳ ಹುಡುಗರ ಜೋಡಿಗಳು ಇನ್ನೇನು ರಂಗೇರುತ್ತಿವೆ ಎನ್ನುವಷ್ಟರಲ್ಲಿ ಮೊದಲ ಗಣ್ಯರ ಕಾರು ಬರುತ್ತದೆ. ಆಗ ಹಿಡಿದ ಪಟ್ಟು ಹಿಡಿದಲ್ಲೇ ಉಳಿದು, ಸತ್ಕಾರ ಆರಂಭವಾಗುತ್ತದೆ. ಫೇಟಾ, ಶಾಲು, ತೆಂಗಿನಕಾಯಿ ಎಂಬ ಮೂರು ವಸ್ತುಗಳ ಈ ವಿಧಿ ಒಬ್ಬರಿಗೆ ನಡೆದರೆ ಸಂಸ್ಕಾರ, ನಲವತ್ತು ಜನರಿಗೆ ನಡೆದರೆ ಇಡೀ ಸಂಜೆ. ಸತ್ಕಾರಗೊಂಡವರು ಮರಳಿ ಕುರ್ಚಿಗೆ ಹೋಗುವ ಬದಲು ಬಿಳಿ ಬಟ್ಟೆಯಲ್ಲಿ ಅಖಾಡದ ಮಣ್ಣಿನ ಮೇಲೆಯೇ ನಿಂತು, ಮಲ್ಲರ ಸುತ್ತ ಕೋಟೆ ಕಟ್ಟಿ, ಫೋಟೊಗೆ ಮುಖ ಕೊಡುತ್ತಾರೆ. ಕಟ್ಟಕಡೆಯ ಸಾಲಿಗೂ ಕಾಣುವಂತೆ ಮೈದಾನ ಕಟ್ಟಿಸಿದ ಮಹಾರಾಜರು ಈ ಒಂದು ಸಂಭವವನ್ನು ಮಾತ್ರ ಊಹಿಸಿರಲಿಲ್ಲ. ಅವರ ನಕ್ಷೆ ರೋಮಿನದು, ಬೆನ್ನುಗಳು ನಮ್ಮ ಸೀಮೆಯವು.

ರಾತ್ರಿ ಹತ್ತರ ಸುಮಾರಿಗೆ ಮುಖ್ಯ ಜೋಡಿ ಅಖಾಡಕ್ಕೆ ಇಳಿಯುತ್ತದೆ. ಹರಿಯಾಣದಿಂದಲೋ ಪಂಜಾಬಿನಿಂದಲೋ, ಕಮಿಟಿಗೆ ಇನ್ನೂ ತ್ರಾಣವಿದ್ದರೆ ಇರಾನಿನಿಂದಲೋ ಕರೆಸಿದ, ದೊಡ್ಡ ಮೊತ್ತ ಪಡೆದ, ಈ ಊರಿನಲ್ಲಿ ಯಾರ ಮಗನೂ ಯಾರ ಸೋದರಳಿಯನೂ ಅಲ್ಲದ ಮಲ್ಲರು ಸಲಾಮಿ ಕೊಟ್ಟು, ಅಂದರೆ ಕೈಗೆ ಕೈ ತಾಗಿಸಿ, ತೊಡೆ ತಟ್ಟಿ, ಬಳಿಕ ಪರಸ್ಪರರ ಕತ್ತಿನ ಮೇಲೆ ಕೈಯಿಟ್ಟು ನಲವತ್ತು ನಿಮಿಷ ತೂಗಾಡುತ್ತಾರೆ. ಒಲಿಂಪಿಕ್ ನಿಯಮದ ಮ್ಯಾಟ್ ಕುಸ್ತಿ ಮೂರು ಮೂರು ನಿಮಿಷಗಳ ಎರಡು ಸುತ್ತುಗಳಲ್ಲಿ ಮುಗಿದುಹೋಗುವುದನ್ನು ನೆನೆದರೆ ಈ ತಾಳ್ಮೆ ಯೋಗಸಾಧನೆಗೆ ಸಮೀಪವಾದದ್ದು. ಕೊನೆಗೆ ಪಂಚರು ಇಬ್ಬರ ಕೈಯನ್ನೂ ಎತ್ತಿ "ಬರೋಬರಿ" ಎಂದು, ಅಂದರೆ ಸಮಬಲವೆಂದು, ಸಾರುತ್ತಾರೆ. ಇಚಲಕರಂಜಿಯ ಮಗ್ಗದ ಕಾರ್ಖಾನೆಯಲ್ಲಿ ಬೆಳಗಿನ ಪಾಳಿಗೆ ಹೋಗಬೇಕಾದ ಹುಡುಗ ನಿದ್ದೆ ಕೆಟ್ಟು ಕಾದದ್ದು ಈ ಘೋಷಣೆಗಾಗಿ. ಮುಂದಿನ ವರ್ಷ ಆತ ಬರುವುದಿಲ್ಲ. ಆತ ಸೋಮಾರಿಯಾಗಿದ್ದಾನೆಂದು ಕಮಿಟಿ ಠರಾವು ಮಾಡುತ್ತದೆ.

ಹಳಬರು ಇಂಥ ಸಂಜೆಗಳಿಗೆ ನೂರಾ ಕುಸ್ತಿ ಎಂಬ ಹೆಸರಿಟ್ಟಿದ್ದಾರೆ: ಇಬ್ಬರೂ ಮೊದಲೇ ಮಾತಾಡಿಕೊಂಡು ಹಿಡಿಯುವ ಕುಸ್ತಿ ಎಂದು ಅದರರ್ಥ. ಪ್ರತಿ ಬರೋಬರಿಯೂ ನೂರಾ ಎಂದು ಹೇಳುವುದು ಅನ್ಯಾಯ, ಏಕೆಂದರೆ ಸರಿಜೋಡಿಯ ಇಬ್ಬರು ಪ್ರಾಮಾಣಿಕವಾಗಿ ಸೆಣಸಿಯೂ ಗೆಲ್ಲದೆ ಹೋಗಬಹುದು. ಆದರೆ ಯುವಕರು ದೂರ ಹೋದದ್ದು ಮೋಸವನ್ನು ಸಹಿಸಲಾರದೆ ಎಂಬ ಸಮಜಾಯಿಷಿಯೂ ನಿಲ್ಲುವುದಿಲ್ಲ. ಅಮೆರಿಕದ ಡಬ್ಲ್ಯೂಡಬ್ಲ್ಯೂಇ ಎಂಬ ಕುಸ್ತಿ ಪ್ರದರ್ಶನದಲ್ಲಿ ಸೋಲು ಗೆಲುವುಗಳು ಬರೆದಿಟ್ಟ ಕಥೆಯೆಂಬುದು ಎಂಟು ವರ್ಷದ ಮಗುವಿಗೂ ಗೊತ್ತು. ಗೊತ್ತಿದ್ದೂ 2023ರ ಸೆಪ್ಟೆಂಬರ್ 8ರಂದು ಹೈದರಾಬಾದಿನ ಗಚ್ಚಿಬೌಲಿಯಲ್ಲಿ ಅದು ನಡೆದಾಗ ಜನ ಟಿಕೆಟ್ ಕೊಂಡು ಹೋದರು. ಬರೆದಿಟ್ಟದ್ದಾದರೂ ಆ ಕಥೆಗೆ ಒಂದು ಕೊನೆ ಇದೆ, ಯಾರೋ ಒಬ್ಬ ಸೋಲುತ್ತಾನೆ. ನಿಜವಾದ ಕುಸ್ತಿಯನ್ನು ಸುಳ್ಳು ಕುಸ್ತಿಗಿಂತ ನೀರಸಗೊಳಿಸಿದ ಶ್ರೇಯಸ್ಸು ಜಗತ್ತಿನಲ್ಲಿ ಬೇರೆ ಯಾವ ಸಂಘಟಕರಿಗೂ ಸುಲಭವಾಗಿ ಸಿಗಲಾರದು.

ಮೊಬೈಲಿನ ಸಿದ್ಧಾಂತಕ್ಕೆ ಇನ್ನೊಂದು ಅಡ್ಡಿ ಇದೆ, ಮತ್ತು ಅದು ಖಾಸಬಾಗದಿಂದ ನಡೆದುಹೋಗುವಷ್ಟು ದೂರದಲ್ಲಿದೆ. ಕೊಲ್ಹಾಪುರದ ಛತ್ರಪತಿ ಶಾಹು ಸ್ಟೇಡಿಯಂನಲ್ಲಿ ಫುಟ್‌ಬಾಲ್ ಇರುವ ದಿನ ಮೆಟ್ಟಿಲುಗಳು ತುಂಬಿ, ಬಾವುಟಗಳು ಬೀಸಿ, ಅಭಿಮಾನದ ಕಾವು ಹೊಡೆದಾಟಕ್ಕೂ ತಿರುಗಿ ಪೊಲೀಸರ ನಿದ್ದೆ ಕೆಡಿಸುತ್ತದೆ. ಅಲ್ಲಿ ಆಡುವ ತಂಡಗಳ ಹೆಸರುಗಳನ್ನು ಕಮಿಟಿಗಳು ಒಮ್ಮೆ ಗಟ್ಟಿಯಾಗಿ ಓದಿಕೊಳ್ಳುವುದು ಒಳಿತು: ಪಾಟಾಕಡೀಲ ತಾಲೀಮು, ಖಂಡೋಬಾ ತಾಲೀಮು, ಬಾಲಗೋಪಾಲ ತಾಲೀಮು, ದಿಲಬಹಾರ ತಾಲೀಮು. ತಾಲೀಮು ಎಂದರೆ ಗರಡಿಮನೆ. ಓಣಿಯ ಹುಡುಗರು ಮಾರುತಿಯ ಎದುರು ಮೈ ಹುರಿಗೊಳಿಸುತ್ತಿದ್ದ, ವಸ್ತಾದ ಎಂಬ ಗುರುವಿನ ಗದರಿಕೆಯಲ್ಲಿ ಪಟ್ಟು ಕಲಿಯುತ್ತಿದ್ದ ಜಾಗ. ಅಂದರೆ ಕೊಲ್ಹಾಪುರದ ಯುವಕರು ಈಗಲೂ ಗಂಟಲು ಹರಿಯುವಂತೆ ಗರಡಿಮನೆಯ ಹೆಸರನ್ನೇ ಕೂಗುತ್ತಿದ್ದಾರೆ, ಆದರೆ ಚೆಂಡನ್ನು ನೋಡುತ್ತ ಕೂಗುತ್ತಿದ್ದಾರೆ. ಜೇಬಿನಲ್ಲಿ ಅದೇ ಮೊಬೈಲ್ ಇದೆ. ಗಡಹಿಂಗ್ಲಜದಲ್ಲೂ ದೀಪಾವಳಿಯ ಸುಮಾರಿನ ಫುಟ್‌ಬಾಲ್ ಪಂದ್ಯಾವಳಿಗೆ ಜನರನ್ನು ಕರೆಯಲು ಯಾರೂ ಕಪ್ಪು ಕನ್ನಡಕ ಧರಿಸಬೇಕಾಗಿಲ್ಲ. ತಂಡ ತನ್ನ ಓಣಿಯದು, ಎದುರಾಳಿ ಪಕ್ಕದ ಓಣಿಯವನು, ಸೀಟಿ ಊದಿದಾಗ ಆಟ ಮುಗಿಯುತ್ತದೆ, ಗಣ್ಯರು ಬಂದರೆಂದು ಚೆಂಡು ನಿಲ್ಲುವುದಿಲ್ಲ: ಈ ನಾಲ್ಕರಲ್ಲಿ ಒಂದೂ ಹೊಸ ಕಾಲದ ತಂತ್ರಜ್ಞಾನವಲ್ಲ, ಮತ್ತು ನಾಲ್ಕೂ ಒಂದು ಕಾಲದಲ್ಲಿ ಕುಸ್ತಿಯ ಸ್ವತ್ತಾಗಿದ್ದವು.

ಈಚೆಗೆ ಕೆಲವು ಕಮಿಟಿಗಳು ಯುವಕರನ್ನು ಸೆಳೆಯುವ ಉಪಾಯಗಳನ್ನು ಹುಡುಕತೊಡಗಿವೆ ಎಂಬ ಆತಂಕಕಾರಿ ಸುದ್ದಿ ಇದೆ. ಡಿಜೆ, ಹೊಗೆ, ಎಲ್ಇಡಿ ಪರದೆ, ಮಲ್ಲರ ಪ್ರವೇಶಕ್ಕೆ ಸಿನಿಮಾ ಹಾಡು ಇತ್ಯಾದಿ. ಈ ಮಾರ್ಗದಿಂದ ಸದ್ಯಕ್ಕೆ ಅಪಾಯವಿಲ್ಲ. 2016ರ ಸುಲ್ತಾನ್, ದಂಗಲ್ ಚಿತ್ರಗಳಿಗೂ 2019ರ ಕನ್ನಡದ ಪೈಲ್ವಾನ್ ಚಿತ್ರಕ್ಕೂ ಸಿಳ್ಳೆ ಹೊಡೆದ ಹುಡುಗರಲ್ಲಿ ಬಹುಮಂದಿ ಚಿತ್ರಮಂದಿರದಿಂದ ನೇರವಾಗಿ ಮನೆಗೆ ಹೋದರು. 2015ರಲ್ಲಿ ಆರಂಭವಾದ ಪ್ರೊ ರೆಸ್ಲಿಂಗ್ ಲೀಗಿನಲ್ಲಿ ಮಲ್ಲರನ್ನು ಹರಾಜಿನಲ್ಲಿ ಕೊಂಡು ನಗರಗಳ ಹೆಸರಿನ ತಂಡಗಳಿಗೆ ಹಂಚಲಾಯಿತು, ಬೆಂಗಳೂರಿನ ಹೆಸರಿನಲ್ಲೂ ಒಂದು ತಂಡ ಇತ್ತು. ಬೆಳಕಿಗೆ ಬರವಿರಲಿಲ್ಲ, ಆದರೂ 2019ರ ಬಳಿಕ ಅದು ವರ್ಷಗಟ್ಟಲೆ ನಿಂತೇಹೋಯಿತು. 2025ರ ಫೆಬ್ರುವರಿಯಲ್ಲಿ ಅಹಿಲ್ಯಾನಗರದಲ್ಲಿ ನಡೆದ ಮಹಾರಾಷ್ಟ್ರ ಕೇಸರಿ ಎಂಬ ರಾಜ್ಯಮಟ್ಟದ ಕುಸ್ತಿ ಸ್ಪರ್ಧೆಯಲ್ಲಿ ತೀರ್ಪನ್ನು ಒಪ್ಪದ ಮಲ್ಲನೊಬ್ಬ ಪಂಚರಿಗೆ ಒದ್ದ ದೃಶ್ಯ ಎಲ್ಲರ ಮೊಬೈಲಿನಲ್ಲೂ ಓಡಾಡಿತು. ಕುಸ್ತಿಯನ್ನು ರೀಲ್ಸ್‌ಗೆ ತರಬೇಕೆಂಬ ಬೇಡಿಕೆ ಹೀಗೆ ಯಾರ ಖರ್ಚೂ ಇಲ್ಲದೆ ಈಡೇರಿದೆ.

ಕಮಿಟಿಗಳು ನಿಜವಾಗಿ ಎಚ್ಚರ ವಹಿಸಬೇಕಾದದ್ದು ರೇವಡಿ ಕುಸ್ತಿಯ ಬಗ್ಗೆ. ರೇವಡಿ ಎಂದರೆ ಎಳ್ಳು ಹಚ್ಚಿದ ಸಿಹಿ ಬಿಲ್ಲೆ. ಜಾತ್ರೆಯ ಮೈದಾನ ಆರಂಭವಾಗುವಾಗ ಎಂಟು ಹತ್ತು ವರ್ಷದ ಮಕ್ಕಳನ್ನು ಅಲ್ಲಿಯೇ ಜೋಡಿ ಕಟ್ಟಿ ಆಡಿಸಿ, ಬಹುಮಾನವಾಗಿ ಒಂದು ಹಿಡಿ ರೇವಡಿ ಕೊಡುವ ಪದ್ಧತಿಗೆ ಆ ಹೆಸರು. ತೂಕದ ಯಂತ್ರ ಅಲ್ಲಿ ಇರುವುದಿಲ್ಲ. ಮುದಿ ವಸ್ತಾದ ಇಬ್ಬರು ಹುಡುಗರ ರಟ್ಟೆ ಹಿಡಿದು, ಭುಜಕ್ಕೆ ಭುಜ ತಾಗಿಸಿ ನಿಲ್ಲಿಸಿ, ಅಂಗಿ ಬಿಚ್ಚಿಸಿ, ಬೆನ್ನಿಗೊಂದು ಹಿಡಿ ಮಣ್ಣೆರಚಿ ಬಿಟ್ಟರೆ ಮುಗಿಯಿತು. ಅರ್ಧ ನಿಮಿಷದಲ್ಲಿ ಒಬ್ಬ ಅಡಿಗೆ ಬೀಳುತ್ತಾನೆ, ಬಿದ್ದವನು ಅಳುತ್ತಾನೆ, ಅವನ ಬಾಯಿಗೂ ರೇವಡಿ ಹೋಗುತ್ತದೆ, ಕಿವಿಯೊಳಗಿನ ಮಣ್ಣು ಮರುದಿನದ ಸ್ನಾನದವರೆಗೂ ಉಳಿಯುತ್ತದೆ. ಹೀಗೆ ಒಮ್ಮೆ ಬಿದ್ದವನಿಗೆ ಢಾಕ, ಘಿಸ್ಸಾ ಎಂಬ ಪಟ್ಟುಗಳೆಂದರೇನು ಎಂದು ನಿವೇದಕರು ಮೈಕಿನಲ್ಲಿ ಬಿಡಿಸಿ ಹೇಳಬೇಕಾಗುವುದಿಲ್ಲ. ಆತ ಮೈಯಿಂದ ಕುಸ್ತಿ ನೋಡುವವನಾಗುತ್ತಾನೆ, ಮತ್ತು ತನ್ನನ್ನು ಕೆಡವಿದವನು ಹತ್ತು ವರ್ಷದ ಮೇಲೆ ಯಾರ ಕೈಯಲ್ಲಿ ಬೀಳುತ್ತಾನೆ ಎಂದು ನೋಡಲು ಕರೆಯದಿದ್ದರೂ ಬರುತ್ತಾನೆ. ಸತ್ಕಾರಕ್ಕೆ ಹೊತ್ತಾಗುತ್ತದೆಂದು ಈ ಜೋಡಿಗಳನ್ನು ಮೂರು ನಾಲ್ಕಕ್ಕೆ ಇಳಿಸಿರುವ ಕಮಿಟಿಗಳ ದೂರದೃಷ್ಟಿ ಮೆಚ್ಚತಕ್ಕದ್ದು. ಹುಡುಗಿಯರ ವಿಷಯದಲ್ಲಂತೂ ಕೆಲಸ ಇನ್ನೂ ಅಚ್ಚುಕಟ್ಟು: ಮಹಿಳೆಯರ ಮಹಾರಾಷ್ಟ್ರ ಕೇಸರಿ ಸ್ಪರ್ಧೆ 2023ರಲ್ಲಿ ಸಾಂಗಲಿಯಲ್ಲಿ ನಡೆದೇಹೋಯಿತು, ಆದರೆ ಜಾತ್ರೆಯ ಮೈದಾನದಲ್ಲಿ ಅವರಿಗೊಂದು ಕೂರುವ ಸಾಲು, ಒಂದು ಶೌಚಾಲಯ ಎಂಬ ಮಾತು ಇನ್ನೂ ಕಮಿಟಿಗಳ ನಡವಳಿ ಪುಸ್ತಕಕ್ಕೆ ಏರಿಲ್ಲ. ಯುವ ಪ್ರೇಕ್ಷಕರಲ್ಲಿ ಅರ್ಧದಷ್ಟನ್ನು ಹೀಗೆ ಪ್ರಯತ್ನವೇ ಇಲ್ಲದೆ ಹೊರಗಿಡಲಾಗಿದೆ.

2022ರಲ್ಲಿ ಸಾತಾರಾದಲ್ಲಿ ಪೃಥ್ವಿರಾಜ ಪಾಟೀಲ ಮಹಾರಾಷ್ಟ್ರ ಕೇಸರಿ ಗದೆಯನ್ನು ಎರಡು ದಶಕಗಳ ಬಳಿಕ ಕೊಲ್ಹಾಪುರಕ್ಕೆ ತಂದಾಗ ಇದೇ ಯುವಕರು ಬೀದಿಗೆ ಇಳಿದದ್ದನ್ನು ಕಮಿಟಿಗಳು ಮರೆತಿರಲಾರವು. ಕಾಯಿಲೆ ಪೂರ್ತಿ ವಾಸಿಯಾಗಿಲ್ಲವೆಂಬುದಕ್ಕೆ ಅದು ಲಕ್ಷಣ. ನೂಲ, ಹಲಕರ್ಣಿ, ನೇಸರಿಗಳ ಹುಡುಗರನ್ನು ಸಂಕೇಶ್ವರ, ಹುಕ್ಕೇರಿಗಳ ಹುಡುಗರಿಗೆ ಜೋಡಿ ಕಟ್ಟಿ, ಅದನ್ನೇ ಮುಖ್ಯ ಕುಸ್ತಿಯೆಂದು ಕರೆದು, ಮೈಕಿನಲ್ಲಿ ಮರಾಠಿಯ ಜೊತೆ ಕನ್ನಡವನ್ನೂ ಹರಿಸಿ, ಎಂಟರೊಳಗೆ ಚಿತ್ ಮಾಡಿ ಮುಗಿಸಿ, ಇರಾನಿನ ಮಲ್ಲನಿಗೆ ಕೊಡುವ ಹಣದಲ್ಲಿ ತಾಲೀಮಿನ ಹುಡುಗರ ಹಾಲು ಬಾದಾಮಿಯ ಖರ್ಚು ನಿಭಾಯಿಸಿದರೆ ಮೈದಾನ ಮತ್ತೆ ತುಂಬಿಬಿಡುವ ಸಂಭವ ಉಂಟು. ತುಂಬಿದರೆ ವೇದಿಕೆಯ ಮೇಲಿನವರು ಹಿಂದಿನ ಸಾಲಿಗೆ ಕಾಣದೆ ಹೋಗುವ ಗಂಡಾಂತರವೂ ಉಂಟು. ಎರಡನ್ನೂ ತೂಗಿ ನೋಡಿ ನಿರ್ಧರಿಸುವುದು ಕಮಿಟಿಗಳಿಗೆ ಬಿಟ್ಟದ್ದು.

ಈ ಪತ್ರದಿಂದ ಸಂತುಷ್ಟರಾಗಿ ಯಾವುದಾದರೂ ಕಮಿಟಿಯು ಇದರ ಲೇಖಕರಿಗೆ ಫೇಟಾ ಸುತ್ತಿ ಶಾಲು ಹೊದಿಸಲು ಬಯಸಿದರೆ, ದಯವಿಟ್ಟು ಕೊನೆಯ ಕುಸ್ತಿ ಮುಗಿದು ಹಲಗಿ ನಿಂತ ಮೇಲೆ, ಅಖಾಡದ ಹೊರಗೆ, ಮೈಕ್ ಇಲ್ಲದೆ ಆ ಕಾರ್ಯವನ್ನು ನೆರವೇರಿಸತಕ್ಕದ್ದು.

ಇತಿ,
ಮೇಲಿನ ಸಾಲಿನ ಓರ್ವ ಪ್ರೇಕ್ಷಕ